ಗಾಯಗೊಂಡ ನೌಕರನಿಗೆ ಸಲ್ಲಬೇಕಾದದ್ದು

ಕುಂದಾಪುರದಿಂದ ಕೊಂಡಾಪುರಕ್ಕೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಎರಡು ಊರುಗಳ ಹೆಸರಿನಲ್ಲಿರುವ ಈ ಹೋಲಿಕೆಯನ್ನು ಹೇಳಿ ನಗುವುದು ಇಲ್ಲಿಯ ಹೋಟೆಲುಗಳ ಅಡಿಗೆಮನೆಯಲ್ಲಿ ವಾಡಿಕೆಯಾಗಿದೆ. 1998ರಲ್ಲಿ ಸೈಬರ್ ಟವರ್ಸ್ ಕಟ್ಟಡದ ಪ್ರಾರಂಭೋತ್ಸವವಾದ ಬಳಿಕ ಮಾದಾಪುರ, ಕೊತ್ತಗುಡ, ಗಚ್ಚಿಬೌಲಿಗಳೊಡನೆ ಕೊಂಡಾಪುರವೂ ಬೆಳೆಯಿತು. ಕಚೇರಿಗಳು ಬಂದವು, ಕಚೇರಿಯವರಿಗೆ ಬೆಳಗಿನ ಇಡ್ಲಿ ಕಾಫಿ ಬೇಕಾಯಿತು, ಇಡ್ಲಿ ಕಾಫಿಯ ಹಿಂದೆ ನಮ್ಮವರು ಬಂದರು. ಹಿಂದಿನ ತಲೆಮಾರಿನ ಕನ್ನಡಿಗರು ಕಾಚಿಗುಡದ ಕಡೆ ನೆಲೆಸಿ, ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ಕಟ್ಟಿಕೊಂಡು, ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆದರು. ಕೊಂಡಾಪುರದ ಹೊಸಬರಿಗೆ ಅಂತಹ ನೆರೆಹೊರೆ ಇನ್ನೂ ಕೂಡಿಬಂದಿಲ್ಲ. ಕೈಕಾಲಿಗೆ ಪೆಟ್ಟಾದ ದಿನ ಯಾರನ್ನು ಕೇಳಬೇಕೆಂಬುದೇ ಅವರಿಗೆ ತಿಳಿಯದು.

ಈಚೆಗೆ ನಮ್ಮ ಕಚೇರಿಗೆ ಬರುತ್ತಿರುವ ಕಾಗದಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಕಾಣುತ್ತಿದೆ. ಹಿಟ್ಟು ರುಬ್ಬುವಾಗ ಗ್ರೈಂಡರಿಗೆ ಬೆರಳು ಸಿಕ್ಕಿತು. ಧಣಿಗಳು ಆಸ್ಪತ್ರೆಯ ಖರ್ಚು ಕೊಟ್ಟರು. ಕೈಗೆ ಒಂದಿಷ್ಟು ರೂಪಾಯಿ ಇಟ್ಟು ಊರಿನ ಬಸ್ಸು ಹತ್ತಿಸಿದರು. ಇನ್ನು ಏನಾದರೂ ಕೇಳುವ ಹಾಗಿದೆಯೇ, ಕೇಳಿದರೆ ಉಪಕಾರ ಮರೆತಂತಾಗುವುದಿಲ್ಲವೇ? ಕಾಗದ ಬರೆದವರ ಸಂಕೋಚ ನಮಗೆ ಅರ್ಥವಾಗುತ್ತದೆ. ಧಣಿಗಳು ಅದೇ ಊರಿನವರು, ಒಮ್ಮೊಮ್ಮೆ ದೂರದ ನೆಂಟರು. ಆದರೂ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಕೇಳುವ ಹಾಗಿದೆ. ಧಣಿಗಳು ಮನಸ್ಸು ಕರಗಿ ಕೊಟ್ಟದ್ದು ಧರ್ಮ. ಕಾನೂನಿನಂತೆ ಸಲ್ಲಬೇಕಾದದ್ದು ಬೇರೆ. ಮೊದಲನೆಯದು ಕೊಡುವವರ ಇಚ್ಛೆ. ಎರಡನೆಯದು ಲೆಕ್ಕ ಹಾಕಿ ತೆಗೆಯಬಹುದಾದ ಮೊತ್ತ, ಮತ್ತು ಅದು ನಮ್ಮವರು ಊಹಿಸಿರುವುದಕ್ಕಿಂತ ಎಷ್ಟೋ ಹೆಚ್ಚು.

ಧರ್ಮಕ್ಕೂ ಹಕ್ಕಿಗೂ ಇರುವ ಈ ಅಂತರ ಈ ಮಹಾನಗರದಲ್ಲೇ ನಡೆದ ಒಂದು ದುರಂತದಿಂದ ಸ್ಪಷ್ಟವಾಗುತ್ತದೆ. 2022ನೆಯ ಮಾರ್ಚ್ 23ರ ಬೆಳಗಿನ ಜಾವ ಸಿಕಂದರಾಬಾದಿನ ಭೋಯಿಗುಡದಲ್ಲಿ ಗುಜರಿ ಸಾಮಾನಿನ ಗೋದಾಮಿಗೆ ಬೆಂಕಿ ಬಿತ್ತು. ಮೇಲಂತಸ್ತಿನಲ್ಲಿ ಮಲಗಿದ್ದವರು ಅಲ್ಲಿಯೇ ದುಡಿಯುತ್ತಿದ್ದ ಬಿಹಾರದ ಕೂಲಿಗಳು. ಹನ್ನೊಂದು ಮಂದಿ ಸತ್ತರು. ಹೊರಕ್ಕೆ ಹಾರಿದ ಒಬ್ಬ ಉಳಿದ. ರಾಜ್ಯ ಸರ್ಕಾರವು ಮೃತರ ಕುಟುಂಬಗಳಿಗೆ ತಲಾ 5 ಲಕ್ಷ, ಪ್ರಧಾನಿಯವರು ತಲಾ 2 ಲಕ್ಷ ರೂಪಾಯಿಗಳ ನೆರವು ಘೋಷಿಸಿದರು. ಮರುದಿನ ಪತ್ರಿಕೆ ಓದಿದವರು ಪರಿಹಾರದ ಮಾತು ಅಲ್ಲಿಗೆ ಮುಗಿಯಿತೆಂದುಕೊಂಡಿರಬೇಕು. ಸರ್ಕಾರ ಘೋಷಿಸುವುದು ಸಹಾಯಧನ. ಕೆಲಸಕ್ಕೆ ಇಟ್ಟುಕೊಂಡವನು ಕೊಡಬೇಕಾದ ಪರಿಹಾರಕ್ಕೆ ಅದು ಬದಲಿಯೂ ಅಲ್ಲ, ಅದರಿಂದ ವಜಾ ಆಗತಕ್ಕದ್ದೂ ಅಲ್ಲ.

ಭೋಯಿಗುಡದ ಹೆಸರನ್ನು ಎತ್ತಲು ಇನ್ನೊಂದು ಕಾರಣವೂ ಇದೆ. ಕೆಲಸ ಮಾಡುವ ಕಟ್ಟಡದಲ್ಲೇ ಮಲಗುವುದು ನಮ್ಮ ಹೋಟೆಲು ಹುಡುಗರ ಪರಿಪಾಠ. ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಿ, ಮೇಜುಗಳನ್ನು ಜೋಡಿಸಿ ಅಥವಾ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದರೆ, ಕೆಳಗೆ ಗ್ಯಾಸಿನ ಸಿಲಿಂಡರುಗಳು, ಎಣ್ಣೆಯ ಡಬ್ಬಗಳು. ಮುಂದಿನ ಷಟರಿಗೆ ಹೊರಗಿನಿಂದ ಬೀಗ. ಇದೇ ನಗರದಲ್ಲಿ 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ವಸತಿಗೃಹವೊಂದರ ಕೆಳಭಾಗದಲ್ಲಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಗೆ ಬೆಂಕಿ ತಗಲಿ, ಹೊಗೆ ಮೆಟ್ಟಿಲಿನ ದಾರಿಯಿಂದಲೇ ಮೇಲೇರಿ 8 ಮಂದಿ ಸತ್ತರು. ಆರು ತಿಂಗಳು ಕಳೆದು, 2023ರ ಮಾರ್ಚ್ 16ರಂದು ಸ್ವಪ್ನಲೋಕ ಕಟ್ಟಡದಲ್ಲಿ ಆರು ಜನ ಎಳೆಯ ನೌಕರರು ಹೊಗೆಗೆ ಸಿಕ್ಕಿ ಪ್ರಾಣ ಬಿಟ್ಟರು. ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ. ಮಲಗುವ ಸ್ಥಳಕ್ಕೆ ಒಳಗಿನಿಂದ ತೆರೆಯುವ ಎರಡನೆಯ ಬಾಗಿಲು ಇದೆಯೇ ಎಂದು ಇಂದು ರಾತ್ರಿಯೇ ನೋಡಿಕೊಳ್ಳಿರಿ.

ಇನ್ನು ಕಾನೂನಿನ ಮಾತು. ಕೆಲಸದಲ್ಲಿ ಗಾಯಗೊಂಡವನಿಗೆ ಯಜಮಾನ ಪರಿಹಾರ ಕೊಡಬೇಕೆಂಬ ಶಾಸನ ನಮ್ಮ ದೇಶದಲ್ಲಿ 1923ರಲ್ಲೇ ಬಂದಿತು. ಆಗ ಅದರ ಹೆಸರು ಕಾರ್ಮಿಕರ ಪರಿಹಾರ ಕಾಯಿದೆ. 2010ರಲ್ಲಿ ನೌಕರರ ಪರಿಹಾರ ಕಾಯಿದೆ ಎಂದಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದು ಒಂದು ಅಧ್ಯಾಯವಾಗಿ ಸೇರಿದೆ. ಹೆಸರು ಬದಲಾಯಿತು, ತಿರುಳು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಗುಮಾಸ್ತರು ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಕಾಯಿದೆಯ ಪಟ್ಟಿಯಲ್ಲಿ ಹಲವು ಕಡೆ ‘ಗುಮಾಸ್ತಿಕೆಯ ಕೆಲಸದವರನ್ನು ಬಿಟ್ಟು’ ಎಂಬರ್ಥದ ಮಾತಿತ್ತು. 2009ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಗಲ್ಲದ ಮೇಲೆ ಕುಳಿತವನೂ ಲೆಕ್ಕ ಬರೆಯುವವನೂ ಪಾತ್ರೆ ತೊಳೆಯುವವನೂ ಈಗ ಒಂದೇ ಸಾಲಿನಲ್ಲಿದ್ದಾರೆ. ಹೋಟೆಲಿಗೆ ಈ ಕಾನೂನು ಹೇಗೆ ಅನ್ವಯಿಸುತ್ತದೆ ಎಂದು ಕೇಳುವವರುಂಟು. ವಿದ್ಯುತ್ತಿನಿಂದ ತಯಾರಿಕೆ ನಡೆಯುವ ಸ್ಥಳದ ಕೆಲಸಗಾರರೆಲ್ಲ ಪಟ್ಟಿಯಲ್ಲಿದ್ದಾರೆ. ಹೋಟೆಲಿನ ಅಡಿಗೆಮನೆಯಲ್ಲಿ ಆಗುವುದೂ ತಯಾರಿಕೆಯೇ ಎಂದು ಸುಪ್ರೀಂ ಕೋರ್ಟು 1993ರಲ್ಲಿ, ಇ.ಎಸ್.ಐ. ಸಂಬಂಧವಾದ ಒಂದು ಮೊಕದ್ದಮೆಯಲ್ಲಿ ತೀರ್ಮಾನಿಸಿದೆ.

ಈ ಶಾಸನದ ವೈಶಿಷ್ಟ್ಯವೆಂದರೆ, ಯಾರ ತಪ್ಪು ಎಂಬ ಪ್ರಶ್ನೆಯನ್ನು ಅದು ಹೆಚ್ಚಾಗಿ ಕೇಳುವುದಿಲ್ಲ. ಅಪಘಾತವು ಕೆಲಸದಿಂದ, ಕೆಲಸದ ಅವಧಿಯಲ್ಲಿ ಆಯಿತೇ ಎಂಬುದೇ ಮುಖ್ಯ. ‘ಅವನೇ ಎಚ್ಚರ ತಪ್ಪಿದ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಕುಡಿದಿದ್ದರೆ, ಸ್ಪಷ್ಟವಾಗಿ ಕೊಟ್ಟ ಅಪ್ಪಣೆಯನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ರಕ್ಷಣಾ ಮುಚ್ಚಳವನ್ನು ಬೇಕೆಂದೇ ತೆಗೆದಿದ್ದರೆ ಪರಿಹಾರ ತಪ್ಪಬಹುದು. ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವಿಕಲತೆ ಒದಗಿದಾಗ ಆ ವಿನಾಯಿತಿಯೂ ಯಜಮಾನನಿಗಿಲ್ಲ. ಗ್ರೈಂಡರಿನ ಮುಚ್ಚಳ ತೆಗೆದು ಹಿಟ್ಟು ದೂಡುವ ಹುಡುಗರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಲೆಕ್ಕ ಕಷ್ಟದ್ದೇನೂ ಅಲ್ಲ. ನೌಕರ ಸತ್ತರೆ ತಿಂಗಳ ವೇತನದ ಅರ್ಧವನ್ನು, ಸಂಪೂರ್ಣ ಅಂಗವಿಕಲನಾದರೆ ನೂರಕ್ಕೆ 60ನ್ನು, ಅವನ ವಯಸ್ಸಿಗೆ ನಿಗದಿಯಾದ ಒಂದು ಅಂಕಿಯಿಂದ ಗುಣಿಸಬೇಕು. ಆ ಅಂಕಿ 25 ವರ್ಷದವನಿಗೆ 216.91, 30 ವರ್ಷದವನಿಗೆ 207.98, 40 ವರ್ಷದವನಿಗೆ 184.17. ಈ ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನದ ಮಿತಿಯನ್ನು 2020ರ ಜನವರಿಯ ಅಧಿಸೂಚನೆ 15,000 ರೂಪಾಯಿಗೆ ಏರಿಸಿತು. ತಿಂಗಳಿಗೆ 12,000 ರೂಪಾಯಿ ಪಡೆಯುವ 25ರ ತರುಣ ಬಾಯ್ಲರು ಸಿಡಿದು ಸತ್ತನೆನ್ನಿ: 6,000ವನ್ನು 216.91ರಿಂದ ಗುಣಿಸಿದರೆ 13,01,460 ರೂಪಾಯಿ. ಅಂಗಹೀನತೆ ಭಾಗಶಃ ಆಗಿದ್ದಲ್ಲಿ ಅನುಸೂಚಿಯಲ್ಲಿ ಬೆರಳಿಗೊಂದು ದರವಿದೆ. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಒಂದು ಕೈಯ ನಾಲ್ಕು ಬೆರಳೂ ಹೋದರೆ 50. ಅದೇ 12,000 ರೂಪಾಯಿ ವೇತನದ, 30 ವರ್ಷದ ದೋಸೆ ಭಟ್ಟನ ಹೆಬ್ಬೆರಳು ಹೋದರೆ, 7,200ನ್ನು 207.98ರಿಂದ ಗುಣಿಸಿ ಅದರ ನೂರಕ್ಕೆ 30ನ್ನು ತೆಗೆದರೆ ಸುಮಾರು 4 ಲಕ್ಷ 49 ಸಾವಿರ. ಕೈಗೆ ಒಂದಿಷ್ಟು ಇಟ್ಟು ಬಸ್ಸು ಹತ್ತಿಸಿದ ಕಥೆಯೊಡನೆ ಇದನ್ನು ಹೋಲಿಸಿ ನೋಡಿರಿ.

ಅನುಸೂಚಿಯ ದರವೇ ಕೊನೆಯ ಮಾತೂ ಅಲ್ಲ. 1975ರಲ್ಲಿ ಸುಪ್ರೀಂ ಕೋರ್ಟಿಗೆ ಒಬ್ಬ ಬಡಗಿಯ ಮೊಕದ್ದಮೆ ಬಂದಿತ್ತು. ಚಿತ್ರಮಂದಿರವೊಂದರ ಕೆಲಸದಲ್ಲಿ ಬಿದ್ದು ಅವನ ಎಡಗೈಯನ್ನು ಕತ್ತರಿಸಬೇಕಾಯಿತು. ಒಂದು ಕೈ ಉಳಿದಿದೆಯಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಬಡಗಿಯ ಕೆಲಸ ಒಂದೇ ಕೈಯಲ್ಲಿ ನಡೆಯದು. ಆದುದರಿಂದ ಅವನ ನಷ್ಟ ಸಂಪೂರ್ಣ ಎಂದು ಎತ್ತಿಹಿಡಿಯಿತು. ಪರಿಹಾರವು ಅಪಘಾತದ ದಿನದಿಂದಲೇ ಸಲ್ಲತಕ್ಕದ್ದು ಎಂದೂ ಹೇಳಿತು. ಕಾವಲಿಯ ಮುಂದೆ ನಿಲ್ಲುವ ಭಟ್ಟನಿಗೂ, ಒಂದೇ ಕೈಯಲ್ಲಿ ಆರು ಲೋಟ ಹಿಡಿಯುವ ಸಪ್ಲಾಯರಿಗೂ ಈ ತರ್ಕ ಸಲ್ಲುತ್ತದೆಂದು ನಾವು ತಿಳಿಯುತ್ತೇವೆ. ಒಂದು ತಿಂಗಳೊಳಗೆ ಕೊಡದೆ ಸತಾಯಿಸಿದರೆ ನೂರಕ್ಕೆ 12ರ ಬಡ್ಡಿ; ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಅರ್ಧದವರೆಗೆ ದಂಡ. ಸಾವಿನ ಪರಿಹಾರವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕೇ ಹೊರತು, ಮೃತನ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಕೈಗೆ ಕೊಟ್ಟರೆ ಸಲ್ಲದು. ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಕಾಗದದಿಂದ ಈ ಹಕ್ಕು ಹೋಗುವುದಿಲ್ಲ. ಅಂತಹ ಕಾಗದಕ್ಕೆ ರುಜು ಹಾಕಿ ನಿರಾಶರಾಗಿ ಕುಳಿತವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಹತ್ತು ಮಂದಿಯೋ ಹೆಚ್ಚೋ ದುಡಿಯುವ ಹೋಟೆಲಾಗಿದ್ದು, ವೇತನ 21,000 ರೂಪಾಯಿಯೊಳಗಿದ್ದರೆ ದಾರಿ ಬೇರೆ. ಅವರಿಗೆ ಇ.ಎಸ್.ಐ. ವಿಮೆ, ಅದು ಸಿಗುವಲ್ಲಿ ಯಜಮಾನನ ಮೇಲೆ ಮೇಲಿನ ಲೆಕ್ಕದ ಪರಿಹಾರ ಕೇಳುವಂತಿಲ್ಲ. ಇದರಿಂದ ನಷ್ಟವೇನೂ ಇಲ್ಲ. ಕೆಲಸದ ಗಾಯಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ. ಗುಣವಾಗುವವರೆಗೆ ವೇತನದ ನೂರಕ್ಕೆ 90. ಶಾಶ್ವತ ನಷ್ಟಕ್ಕೆ ಅದರ ಪ್ರಮಾಣದಲ್ಲಿ ಜೀವಮಾನವಿಡೀ ತಿಂಗಳ ಹಣ. ಸತ್ತರೆ ಅವಲಂಬಿತರಿಗೆ ಮಾಸಾಶನ. ದೊಡ್ಡ ಆಸ್ಪತ್ರೆ ಸನತ್‌ನಗರದಲ್ಲಿದೆ. ನೌಕರನ ವೇತನದಿಂದ ಕಡಿಯುವುದು ನೂರಕ್ಕೆ 75 ಪೈಸೆ. ಯಜಮಾನ ಹಾಕುವುದು 3 ರೂಪಾಯಿ 25 ಪೈಸೆ. ಅಪಘಾತಕ್ಕೆ ಮುಂಚೆ ಹೆಸರು ನೋಂದಾಯಿಸಿರಲಿಲ್ಲವೆಂಬ ಕಾರಣಕ್ಕೆ ನೌಕರನ ಕುಟುಂಬಕ್ಕೆ ಸೌಲಭ್ಯ ತಪ್ಪದೆಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಯಜಮಾನರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಾವೂ ಗಲ್ಲದ ಹಿಂದೆ ಕುಳಿತು ವರ್ಷಗಳನ್ನು ಕಳೆದವರು. ಬಾಡಿಗೆ, ಗ್ಯಾಸು, ಹಾಲಿನ ಬಿಲ್ಲು ಕಟ್ಟಿ ಉಳಿದದ್ದರಲ್ಲಿ ಹದಿಮೂರು ಲಕ್ಷ ಎಲ್ಲಿಂದ ತರುವುದೆಂದು ಚಿಕ್ಕ ಹೋಟೆಲಿನವರು ಕೇಳಿದರೆ ಆ ಪ್ರಶ್ನೆ ಸುಳ್ಳಲ್ಲ. ಅದಕ್ಕೆಂದೇ ವಿಮೆ ಇದೆ. ಇ.ಎಸ್.ಐ.ಗೆ ಒಳಪಡದ ಸಣ್ಣ ಹೋಟೆಲಿನವರು ನೌಕರರ ಪರಿಹಾರದ ವಿಮೆಯನ್ನು ಯಾವ ಸಾಮಾನ್ಯ ವಿಮಾ ಕಂಪನಿಯಿಂದಲೂ ತೆಗೆದುಕೊಳ್ಳಬಹುದು. ಒಂದು ಹೊಸ ಗ್ರೈಂಡರಿಗೆ ಕೊಡುವ ಹಣವನ್ನು ಲೆಕ್ಕಿಸದವರು ವಿಮೆಯ ಕಂತಿಗೆ ಹಿಂಜರಿಯುವುದನ್ನು ಕಂಡು ನಮಗೆ ಆಶ್ಚರ್ಯವಾಗುತ್ತದೆ.

ಅಡಿಗೆಮನೆಯಿಂದ ಬೀದಿಗೆ ಬರೋಣ. ಕೊಂಡಾಪುರಕ್ಕೆ ಹತ್ತಿರದ ಗಚ್ಚಿಬೌಲಿಯಲ್ಲಿ 2019ರ ನವೆಂಬರ್ 23ರಂದು, ಆ ತಿಂಗಳೇ ಸಂಚಾರಕ್ಕೆ ತೆರೆದಿದ್ದ ಬಯೋಡೈವರ್ಸಿಟಿ ಮೇಲ್ಸೇತುವೆಯಿಂದ ಕಾರೊಂದು ಕೆಳಕ್ಕೆ ಉರುಳಿ, ರಸ್ತೆಯ ಬದಿಯಲ್ಲಿ ನಿಂತಿದ್ದ ಹೆಂಗಸೊಬ್ಬರು ಸತ್ತರು. ದಾರಿಯಲ್ಲಿ ನಿಂತವರದೇನು ತಪ್ಪು? ಅಪರಾತ್ರಿ ಹೋಟೆಲು ಮುಚ್ಚಿ ಕೋಣೆಗೆ ನಡೆದು ಹೋಗುವ ನಮ್ಮ ಹುಡುಗರು ದಿನವೂ ಇಂತಹ ರಸ್ತೆಗಳನ್ನೇ ದಾಟುತ್ತಾರೆ.

ವಾಹನದಿಂದ ಗಾಯವಾದರೆ ಮೋಟಾರು ಅಪಘಾತ ನ್ಯಾಯಮಂಡಲಿಗೆ ಅರ್ಜಿ. ಚಾಲಕ ಬಡವನೆಂದು ಕೈಚೆಲ್ಲಬೇಕಾಗಿಲ್ಲ. ಮೂರನೆಯವರ ವಿಮೆ ಪ್ರತಿ ವಾಹನಕ್ಕೂ ಕಡ್ಡಾಯ, ಹಣ ಕೊಡುವುದು ವಿಮಾ ಕಂಪನಿ. ಗುದ್ದಿದ ವಾಹನ ಸಿಕ್ಕದೇ ಹೋದರೂ, 2022ರ ಏಪ್ರಿಲಿನಿಂದ ಬಂದ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ವೇತನದ ಚೀಟಿ ಇಲ್ಲವೆಂದು ಅಂಜುವವರಿಗೆ ಕರ್ನಾಟಕದ ಒಬ್ಬ ತರಕಾರಿ ಮಾರುವವನ ಮೊಕದ್ದಮೆಯನ್ನು ನೆನಪಿಸುತ್ತೇವೆ. 24ರ ಹರೆಯದ ಆತನ ಬಲಗಾಲು ಅಪಘಾತದಲ್ಲಿ ಹೋಯಿತು. ಕುಳಿತು ತರಕಾರಿ ಮಾರಬಹುದಲ್ಲ ಎಂದು ಹೈಕೋರ್ಟು ನಷ್ಟವನ್ನು ಕಡಿಮೆ ಎಣಿಸಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿ, ಅಂತಹವರಿಂದ ಆದಾಯದ ದಾಖಲೆ ನಿರೀಕ್ಷಿಸಲಾಗದೆಂದು ಹೇಳಿ, ತಿಂಗಳಿಗೆ 6,500 ರೂಪಾಯಿ ಆದಾಯವನ್ನು ಒಪ್ಪಿ, ನಷ್ಟವನ್ನು ನೂರಕ್ಕೆ 85 ಎಂದು ಎಣಿಸಿತು.

ಕೆಲಸಕ್ಕೆ ಹೋಗುವ ದಾರಿಯ ಅಪಘಾತವೂ ಕೆಲಸದ ಅಪಘಾತವೇ? ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ಪಾಳಿಗೆ ಹೋಗುತ್ತಿದ್ದಾಗ ದಾರಿಯಲ್ಲಿ ಸತ್ತ. ಸಮಯ, ಸ್ಥಳ, ಸನ್ನಿವೇಶಗಳಿಗೆ ಕೆಲಸದ ಸಂಬಂಧವಿದ್ದರೆ ಹೌದು ಎಂದು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ಉತ್ತರಿಸಿತು. ಇಪ್ಪತ್ತೆರಡು ವರ್ಷ! ಕುಟುಂಬ ಬಿಡದೆ ಕಾದುದಕ್ಕೆ ಫಲ ದೊರೆಯಿತೆನ್ನಬೇಕೋ, ಕಾಯಿಸಿದವರನ್ನು ಏನೆನ್ನಬೇಕೋ ತಿಳಿಯದು. ಹೊಸ ಸಂಹಿತೆಯಲ್ಲಿ ಈ ಮಾತನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಬೈಕಿನ ಮೇಲೆ ಕಚೇರಿಗೆ ಹೋಗಿಬರುವ ಗುಮಾಸ್ತ ಬಂಧುಗಳಿಗೆ ಇದು ಮುಖ್ಯ.

ಬಿದ್ದವನನ್ನು ಕಂಡರೆ ಓಡಿಹೋಗುವ ಅಭ್ಯಾಸವನ್ನೂ ಬಿಡಬೇಕು. ಪೋಲೀಸರ ಕಾಗದ ಕಾಯದೆ ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎಲ್ಲ ವೈದ್ಯರ ಕರ್ತವ್ಯವೆಂದು 1989ರಲ್ಲೇ ತೀರ್ಪಾಗಿದೆ. ಆಸ್ಪತ್ರೆಗೆ ಒಯ್ದವನನ್ನು ಕೇಸಿನಲ್ಲಿ ಸಿಕ್ಕಿಸಕೂಡದೆಂದು 2019ರ ತಿದ್ದುಪಡಿ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಜಾರಿಯಾದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದಿಲ್ಲದೆ ಚಿಕಿತ್ಸೆ ಇದೆ.

ಆಸ್ಪತ್ರೆಯೊಳಗಿನ ನಿರ್ಲಕ್ಷ್ಯ ಬೇರೆಯೇ ಪ್ರಕರಣ. ಅದಕ್ಕೆ ಗ್ರಾಹಕ ಆಯೋಗದ ದಾರಿ. ಇದೇ ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ 1990ರಲ್ಲಿ ಶಸ್ತ್ರಚಿಕಿತ್ಸೆಯಾದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಸೊಂಟದ ಕೆಳಭಾಗ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲೇ ನ್ಯಾಯಾಲಯಕ್ಕೆ ಬಂದು ತಮ್ಮ ವಾದವನ್ನು ತಾವೇ ಮಂಡಿಸಿದ ಅವರಿಗೆ 2009ರಲ್ಲಿ ಸುಪ್ರೀಂ ಕೋರ್ಟು 1 ಕೋಟಿ ರೂಪಾಯಿ ಕೊಡಿಸಿತು.

ಇಷ್ಟೆಲ್ಲ ಇದ್ದೂ ನಮ್ಮವರು ಬರಿಗೈಯಲ್ಲಿ ಊರಿಗೆ ಹೋಗುವುದೇಕೆ? ನಮಗೆ ಕಂಡಂತೆ, ಕಾಗದವಿಲ್ಲದೆ. ಬೆರಳು ಹೋದ ದಿನ ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಎಂದು ಬರೆಸುತ್ತಾರೆ. ಆಸ್ಪತ್ರೆಯ ಮೊದಲ ಚೀಟಿಯೇ ಸುಳ್ಳಾದರೆ ಮುಂದಿನ ವಕೀಲ ಏನು ಮಾಡಿಯಾನು? ಎಲ್ಲಿ, ಯಾವ ಯಂತ್ರದಿಂದ, ಎಷ್ಟು ಗಂಟೆಗೆ ಎಂಬುದನ್ನು ಇದ್ದದ್ದಿದ್ದಂತೆ ಬರೆಸಬೇಕು. ರಸ್ತೆಯ ಅಪಘಾತವಾದರೆ ಪೋಲೀಸ್ ಠಾಣೆಯ ಪ್ರಥಮ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬೇಕು. ವೇತನ ಬ್ಯಾಂಕಿನ ಮೂಲಕ ಬರಲಿ. ನಗದಾಗಿ ಬಂದರೆ ಒಂದು ಡೈರಿಯಲ್ಲಿ ತಾರೀಖಿನೊಡನೆ ಬರೆದಿಡಲಿ. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ನೇಮಕಾತಿ ಪತ್ರ ಕೊಡುವುದನ್ನು ಹೊಸ ಸಂಹಿತೆಗಳು ಕಡ್ಡಾಯ ಮಾಡಿವೆ. ಕೇಳಿ ಪಡೆಯಿರಿ, ಕೇಳುವುದು ಅವಿನಯವಲ್ಲ.

ಅವಧಿಯ ವಿಚಾರದಲ್ಲಿ ಉದಾಸೀನ ಕೂಡದು. ಮೋಟಾರು ಅಪಘಾತದ ಅರ್ಜಿಗೆ ಆರು ತಿಂಗಳ ಗಡುವನ್ನು ಕಾನೂನು ಹಾಕಿದೆ. ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆಜ್ಞೆ ಇತ್ತಿತು. ಅದನ್ನು ನೆಚ್ಚಿ ಕುಳಿತುಕೊಳ್ಳುವುದು ಜಾಣತನವಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಎದುರಾಗಿ, ಬಂದುದರಲ್ಲಿ ಮೂರರಲ್ಲೊಂದು ಪಾಲು ಕೊಡು ಎನ್ನುವ ಮಧ್ಯವರ್ತಿಗಳ ಮಾತಿಗೂ ಮರುಳಾಗಬಾರದು. ಬಂದ ಪರಿಹಾರದಲ್ಲಿ ಪಾಲು ಗೊತ್ತುಮಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಗಳಿಗೇ ವಿರುದ್ಧ. ಕಾರ್ಖಾನೆ, ಉದ್ಯಮಗಳ ಕಾರ್ಮಿಕರಿಗೂ ಎಲ್ಲ ಹೆಂಗಸರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಆದಾಯ ನೋಡದೆ ಉಚಿತ ವಕೀಲರು ದೊರೆಯುತ್ತಾರೆ. ಜಿಲ್ಲಾ ನ್ಯಾಯಾಲಯದಲ್ಲಿ ಅದರ ಕಚೇರಿ ಇರುತ್ತದೆ.

ಕೊಂಡಾಪುರ ರಂಗಾರೆಡ್ಡಿ ಜಿಲ್ಲೆಗೆ ಸೇರಿದ್ದು; ಜಿಲ್ಲಾ ನ್ಯಾಯಾಲಯ ಇರುವುದು ನಗರದ ಇನ್ನೊಂದು ತುದಿಯ ಎಲ್.ಬಿ. ನಗರದಲ್ಲಿ. ಅಷ್ಟು ದೂರ ಓಡಾಡಲಾಗದೆ, ಭಾಷೆ ಬಾರದೆ ಬಿಟ್ಟವರೂ ಉಂಟು. ಅವರಿಗೆ ಒಂದು ಅನುಕೂಲ ಇದೆ. ಮೋಟಾರು ಅಪಘಾತದ ಅರ್ಜಿಯನ್ನಾಗಲಿ, ಕೆಲಸದ ಗಾಯದ ಅರ್ಜಿಯನ್ನಾಗಲಿ ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಸ್ಥಳದಲ್ಲೂ ಹಾಕಬಹುದು. ಮಗನನ್ನು ಇಲ್ಲಿ ಕಳೆದುಕೊಂಡ ತಾಯಿ ತನ್ನ ಊರಿನ ಕಡೆಯ ನ್ಯಾಯಮಂಡಲಿಯ ಮುಂದೆ ಕನ್ನಡದಲ್ಲೇ ತನ್ನ ಮಾತು ಹೇಳಬಹುದು.

ಆಕೆಗೆ ಅಲ್ಲಿ ಎದುರಾಗುವ ಮೊದಲ ತೊಡಕು ಹೆಸರಿನದು. ನಮ್ಮ ಹೋಟೆಲುಗಳಲ್ಲಿ ಹೊಸದಾಗಿ ಬಂದ ಮಾಣಿಗೆ ಧಣಿಗಳು ಕರೆಯಲು ಸುಲಭವಾದ ಹೆಸರೊಂದನ್ನು ಇಡುವುದುಂಟು; ಮಂಜುನಾಥ ರಾಜು ಆಗುತ್ತಾನೆ, ಇಬ್ಬರು ರಾಜುಗಳಿದ್ದರೆ ಒಬ್ಬ ಚಿಕ್ಕ ರಾಜು. ಹಾಜರಿ ಪುಸ್ತಕದಲ್ಲೂ ಅದೇ. ಆಧಾರ್ ಚೀಟಿಯಲ್ಲಿ, ಪಡಿತರ ಚೀಟಿಯಲ್ಲಿ ಇರುವ ಹೆಸರೇ ಹಾಜರಿ ಪುಸ್ತಕದಲ್ಲಿಯೂ ಇದೆಯೇ, ತಂದೆಯ ಹೆಸರು ಸೇರಿದೆಯೇ ಎಂದು ಈ ವಾರ ಒಮ್ಮೆ ತೆರೆಸಿ ನೋಡಿಕೊಳ್ಳಿರಿ. ತಪ್ಪಿದ್ದರೆ ತಿದ್ದಿಸಿಕೊಂಡು, ಆ ಹಾಳೆಯ ಒಂದು ಫೋಟೋ ತೆಗೆದು ಊರಿನ ಮನೆಗೆ ಕಳಿಸಿಡಿರಿ.